ಹದಿಮೂರರ ಯಜಮಾನಿ, ಐವತ್ತನಾಲ್ಕರ ಶಿಷ್ಯ

ಹುಡುಗರು ಮುಗಿದುಹೋಗಿದ್ದರಿಂದ ಕೆಜಾಯ ಹೆಂಬ್ರೋಗೆ ಪೀಪಾಯಿ ಕಸುಬು ಸಿಕ್ಕಿತು. ಆಟಲ್‌ಬರಿ ಊರಿನ ಧರ್ಮನಿಧಿಯವರು ಪ್ರತಿ ವಸಂತದಲ್ಲೂ ಆರು ಅನಾಥ ಮಕ್ಕಳನ್ನು ಏಳು ವರ್ಷದ ಕರಾರಿನ ಮೇಲೆ ಕಸುಬುದಾರರ ಕೈಗೆ ಒಪ್ಪಿಸುತ್ತಿದ್ದರು. ಹುಡುಗರಾದರೆ ಚಮ್ಮಾರನ ಹತ್ತಿರ, ಬಡಗಿಯ ಹತ್ತಿರ; ಹುಡುಗಿಯರೆಲ್ಲ ಕೈಗವಸು ಹೊಲಿಯುವವಳ ಹತ್ತಿರ. ಸಾವಿರದ ಏಳುನೂರ ಅರವತ್ತಾರನೇ ಇಸವಿಯಲ್ಲಿ ಕೈಗವಸಿನವಳು ಇನ್ನೊಬ್ಬ ಹುಡುಗಿ ಬೇಡವೇ ಬೇಡ ಎಂದು ಬಾಗಿಲು ಹಾಕಿಕೊಂಡಳು. ಇತ್ತ ಪೀಪಾಯಿ ಮಾಡುವ ಜೆತ್ರೊ ಸ್ಟಾಲಾರ್ಡ್ ಒಬ್ಬ ಗಟ್ಟಿಮುಟ್ಟಾದ ಹುಡುಗ ಬೇಕು ಎಂದು ಬಂದು ನಿಂತಿದ್ದ.

"ಹುಡುಗರು ಮುಗಿದ್ರು," ಎಂದ ಗುಮಾಸ್ತ ಟಿಡ್‌ಬಾಲ್, ಬೇಕರಿಯವನು ಬನ್ನು ಮುಗಿಯಿತು ಅನ್ನುವ ಹಾಗೆ. "ಇವಳೊಬ್ಬಳು ಉಳಿದಿದ್ದಾಳೆ. ಬೇಕಾದ್ರೆ ಕರ್ಕೊಂಡ್ ಹೋಗು."

ಜೆತ್ರೊ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ನೋಡಲು ಬಹಳ ಹೊತ್ತು ಹಿಡಿಯಲಿಲ್ಲ, ಅವಳಿದ್ದದ್ದೇ ಅಷ್ಟು. ಅಪ್ಪ ಕಲ್ಲುಗಣಿಯಲ್ಲಿ ಸತ್ತಮೇಲೆ ಎರಡು ವರ್ಷ ಅವರಿವರ ಮನೆಯ ಟರ್ನಿಪ್ ಗಂಜಿ ಕುಡಿದು ಬೆಳೆದ ಮೈ.

"ಇವಳ ಕೈಲಿ ಕೊಡತಿ ಎತ್ತಕ್ಕಾಗುತ್ತಾ ಸ್ವಾಮಿ?"

"ಎತ್ತೋದು ಎತ್ತುತೀನಿ," ಎಂದಳು ಕೆಜಾಯ. "ಯಾರ ಮೇಲೆ ಇಳಿಸ್ಬೇಕು ಅಂತ ಹೇಳಿ, ಸಾಕು."

ಜೆತ್ರೊನಿಗೆ ನಗು ಬಂತು. ಆ ನಗುವೇ ಅವನ ತಲೆಗೆ ಬಂತು. ಟಿಡ್‌ಬಾಲ್ ಕರಾರುಪತ್ರ ತೆಗೆದು, ಕಣ್ಣು ಮುಚ್ಚಿ, ಗಡಗಡ ಒಪ್ಪಿಸಿದ. ಇನ್ನೂರು ಸಲ ಹೇಳಿದ್ದ ಮಾತು, ಕಾಗದ ನೋಡುವ ಅಗತ್ಯವೇ ಅವನಿಗಿರಲಿಲ್ಲ. ಶಿಷ್ಯನಾದವನು ಏಳು ವರ್ಷ ಯಜಮಾನನ ಮಾತು ಕೇಳತಕ್ಕದ್ದು, ಕಸುಬಿನ ಗುಟ್ಟು ಕಾಯತಕ್ಕದ್ದು, ಇಸ್ಪೀಟು ಆಡತಕ್ಕದ್ದಲ್ಲ, ಹೆಂಡದಂಗಡಿ ಹೊಗತಕ್ಕದ್ದಲ್ಲ, ಮದುವೆಯಾಗತಕ್ಕದ್ದಲ್ಲ. ಯಜಮಾನನಾದವನು ಅನ್ನ, ಬಟ್ಟೆ, ಹಾಸಿಗೆ ಕೊಟ್ಟು ಕಸುಬು ಕಲಿಸತಕ್ಕದ್ದು. ಕೆಜಾಯಳಿಗೂ ಓದು ಬರುತ್ತಿರಲಿಲ್ಲ, ಜೆತ್ರೊನಿಗೂ ಬರುತ್ತಿರಲಿಲ್ಲ. ಇಬ್ಬರೂ ಅಡ್ಡಗೆರೆಯ ಮೇಲೆ ಇನ್ನೊಂದು ಗೆರೆ ಎಳೆದು ರುಜು ಅಂದರು. ಒಳಗಿನ ಕೋಣೆಯಲ್ಲಿ ಪಾರಿವಾಳದ ಕಡುಬು ತಿನ್ನುತ್ತಿದ್ದ ಇಬ್ಬರು ನ್ಯಾಯಾಧಿಕಾರಿಗಳು, ಅಂದರೆ ಸರ್ ಎವರಾರ್ಡ್ ಮತ್ತು ಚರ್ಚಿನ ಪಾದ್ರಿಗಳು, ತಟ್ಟೆ ಸರಿಸದೆ ಸಹಿ ಹಾಕಿದರು. ಸರ್ ಎವರಾರ್ಡರ ಸಹಿಯ ಪಕ್ಕದಲ್ಲಿ ಒಂದು ಎಣ್ಣೆಯ ಬೆರಳಚ್ಚೂ ಬಿತ್ತು.

ಮೊದಲ ನಾಲ್ಕು ತಿಂಗಳು ಕೆಜಾಯ ಮಾಡಿದ್ದು ಕಸ ಗುಡಿಸುವುದು, ನೀರು ಹೊರುವುದು, ಹಲಗೆ ಬಗ್ಗಿಸಲು ಬೇಕಾದ ಬೆಂಕಿ ಕಾಯುವುದು. ಜೆತ್ರೊ ಕೆಟ್ಟವನಲ್ಲ. ಹೊಡೆಯುತ್ತಿರಲಿಲ್ಲ, ಊಟ ಮುಚ್ಚಿಡುತ್ತಿರಲಿಲ್ಲ. ಆದರೆ ಬೆಳಗಿನಿಂದ ಸಂಜೆಯವರೆಗೂ ಗೊಣಗುತ್ತಿದ್ದ. ಓಕ್ ಮರದ ಮೇಲೆ, ಹವೆಯ ಮೇಲೆ, ಸೇಬಿನ ಹೆಂಡ ಮಾಡುವ ರೈತರ ಮೇಲೆ, ಕೊನೆಗೆ ಗೊಣಗಲು ಏನೂ ಸಿಗದಿದ್ದರೆ ತನ್ನ ಮಂಡಿಯ ಮೇಲೆ. ಎರಡು ಹಿಡಿಯ ಕತ್ತಿಯಿಂದ ಅವನು ಹಲಗೆ ಹೆರೆಯುವುದನ್ನು ಅವಳು ಬೆಂಕಿಯ ಪಕ್ಕದಿಂದ ಕಣ್ಣು ಬಿಟ್ಟು ನೋಡುತ್ತಿದ್ದಳು. ಹಾಗೆ ನೋಡುತ್ತಾ ನೋಡುತ್ತಾ ಒಂದು ದಿನ ಬೆಂಕಿ ಮರೆತಳು. ಹನ್ನೆರಡು ಹಲಗೆ ಸುಟ್ಟು ಕರಕಲಾದವು.

"ಸಾಕು!" ಎಂದ ಜೆತ್ರೊ. "ನಡಿ, ನಿನ್ನ ವಾಪಸ್ ಕೊಟ್ಟು ಬರ್ತೀನಿ."

ಕರಾರುಪತ್ರವನ್ನು ಕಂಕುಳಲ್ಲಿ ಇರುಕಿಕೊಂಡು, ಹುಡುಗಿಯನ್ನು ಮುಂದೆ ಬಿಟ್ಟುಕೊಂಡು ಗುಮಾಸ್ತನ ಮನೆಗೆ ಹೋದ. ಟಿಡ್‌ಬಾಲ್ ಕನ್ನಡಕ ಒರೆಸಿ, ಆ ಕಾಗದವನ್ನು ಮೊದಲ ಬಾರಿ ಓದಿದ. ಓದಿ, ಮತ್ತೊಮ್ಮೆ ಕನ್ನಡಕ ಒರೆಸಿದ.

"ಇದರಲ್ಲಿ, ಜೆತ್ರೊ ಸ್ಟಾಲಾರ್ಡ್ ಎಂಬ ಅನಾಥನನ್ನು ಕೆಜಾಯ ಹೆಂಬ್ರೋ ಎಂಬ ಪೀಪಾಯಿ ಕಸುಬುದಾರಳ ಹತ್ತಿರ ಏಳು ವರ್ಷ ಶಿಷ್ಯನಾಗಿ ಬಿಟ್ಟಿದೆ ಅಂತ ಇದೆ."

"ಅನಾಥ? ಯಾರು, ನಾನಾ?"

"ಯಾಕೆ, ನಿನ್ನ ಅಪ್ಪ ಅಮ್ಮ ಇದ್ದಾರಾ?"

"ಅವರು ಸತ್ತು ಇಪ್ಪತ್ತು ವರ್ಷ ಆಯ್ತಲ್ಲ ಸ್ವಾಮಿ!"

"ಮತ್ತೆ? ಅಲ್ಲಿಗೆ ಅನಾಥ ಅನ್ನೋದು ಸರಿಯಾಗೇ ಇದೆ," ಎಂದ ಟಿಡ್‌ಬಾಲ್, ಒಂದಾದರೂ ಸರಿ ಬಂತಲ್ಲ ಎಂಬ ಸಮಾಧಾನದಿಂದ.

ಬರೆಯುವಾಗ ಹೆಸರು ಅದಲು ಬದಲಾಗಿತ್ತು, ಅಷ್ಟೇ. ತಿದ್ದಿದರೆ ಆಯಿತಲ್ಲ ಎಂದು ಮೂವರೂ ಸರ್ ಎವರಾರ್ಡರ ಬಂಗಲೆಗೆ ಹೋದರು. ಸರ್ ಎವರಾರ್ಡ್ ಕಾಗದವನ್ನು ದೂರ ಹಿಡಿದು ಓದಿದರು, ಹತ್ತಿರ ಹಿಡಿದು ತಮ್ಮ ಬೆರಳಚ್ಚು ನೋಡಿದರು.

"ಇದು ನನ್ನ ಸಹಿ," ಎಂದರು.

"ಹೌದು ದೊರೆ. ಆದ್ರೆ ತಪ್ಪಾಗಿದೆ."

"ನಾನು ಓದದೆ ಸಹಿ ಹಾಕಿದೆ ಅಂತೀಯಾ?"

ಜೆತ್ರೊ ಟಿಡ್‌ಬಾಲ್ ಕಡೆ ನೋಡಿದ. ಟಿಡ್‌ಬಾಲ್ ಕಿಟಕಿಯ ಕಡೆ ನೋಡಿದ.

"ಇಲ್ಲ ದೊರೆ. ತಾವು ಓದಿರ್ತೀರಿ."

"ಓದಿ ಸಹಿ ಹಾಕಿದ ಮೇಲೆ ಅದು ತಪ್ಪಾಗೋದು ಹೇಗೆ? ನೀನು ಐವತ್ತನಾಲ್ಕಕ್ಕೆ ಕಸುಬು ಕಲಿಯಕ್ಕೆ ಹೊರಟಿದೀಯಾ. ತಡವಾಯ್ತು ನಿಜ, ಆದ್ರೂ ಮೆಚ್ಚಿದೆ. ಹೋಗು, ಯಜಮಾನಿ ಹೇಳಿದ ಹಾಗೆ ಕೇಳು."

ವಾಪಸು ಬರುವಾಗ ದಾರಿಯುದ್ದಕ್ಕೂ ಜೆತ್ರೊ ಗೊಣಗಲಿಲ್ಲ. ಕೆಜಾಯಳಿಗೆ ಅದೇ ಹೆದರಿಕೆಯಾಯಿತು. ಅಂಗಡಿಗೆ ಬಂದಮೇಲೆ ಅವನು ಪೊರಕೆ ತೋರಿಸಿ, "ಕಾಗದ ಕಾಗದದ ಪಾಡಿಗೆ ಇರ್ಲಿ. ಗುಡಿಸು," ಎಂದ.

ಅವಳು ಪೊರಕೆ ತೆಗೆದುಕೊಂಡಳು. ಅರ್ಧ ನೆಲ ಗುಡಿಸಿದಳು. ಆಮೇಲೆ ಪೊರಕೆಯನ್ನು ಗೋಡೆಗೆ ಒರಗಿಸಿಟ್ಟಳು. 

"ಯಜಮಾನ್ರೇ, ನಿಮಗೆ ಕಸುಬು ಕಲಿಸ್ಬೇಕು ಅಂತ ನನಗೆ ಕಾನೂನು ಹೇಳಿದೆ. ನನಗೆ ಬರಲ್ಲ. ಬರದೆ ಇರೋದನ್ನ ಕಲಿಸೋದು ಹೇಗೆ? ಅದಕ್ಕೆ ಮೊದಲು ನೀವು ನನಗೆ ಕಲಿಸಿ. ಆಮೇಲೆ ನಾನು ಅದನ್ನೇ ನಿಮಗೆ ಕಲಿಸ್ತೀನಿ."

ಈ ಮಾತಿನಲ್ಲಿ ಎಲ್ಲೋ ಮೋಸವಿದೆ ಎಂದು ಜೆತ್ರೊನಿಗೆ ಅನ್ನಿಸಿತು. ಎಲ್ಲಿ ಅಂತ ಹುಡುಕುವಷ್ಟರಲ್ಲಿ ಅವಳು ಎರಡು ಹಿಡಿಯ ಕತ್ತಿ ಎತ್ತಿಕೊಂಡಾಗಿತ್ತು.

ಹೀಗೆ ಶುರುವಾಯಿತು. ಬೆಳಗ್ಗೆ ಅವನು ಒಂದು ಹಲಗೆ ಹೆರೆದು ತೋರಿಸುವನು. ಮಧ್ಯಾಹ್ನ ಅವಳು ಅದೇ ಮಾತು ಅವನಿಗೆ ಒಪ್ಪಿಸುವಳು: "ನಡು ಅಗಲ, ತುದಿ ಸಣ್ಣ. ಕೈ ಭುಜದಿಂದ ಬರ್ಬೇಕು, ಮಣಿಕಟ್ಟಿಂದ ಅಲ್ಲ. ಅರ್ಥ ಆಯ್ತಾ ಯಜಮಾನ್ರೇ?" ಅವನು ಹಲ್ಲು ಕಚ್ಚಿ, "ಆಯ್ತು ಯಜಮಾನಿ," ಅನ್ನುವನು. ನಲವತ್ತು ವರ್ಷ ಕೈಯಲ್ಲಿದ್ದ ಕಸುಬನ್ನು ಬಾಯಿಗೆ ತರುವುದು ಅವನಿಗೂ ಹೊಸದು. ಹಲಗೆಯ ಅಂಚನ್ನು ಯಾಕೆ ಅಷ್ಟೇ ಓರೆಯಾಗಿ ಹೆರೆಯುತ್ತೇನೆ ಎಂದು ಅವಳು ಕೇಳಿದಾಗ ಮೂರು ದಿನ ಯೋಚಿಸಿದ. ನಾಲ್ಕನೆಯ ದಿನ ಉತ್ತರ ಹೊಳೆದಾಗ ಅವನಿಗೆ ಎಷ್ಟು ಖುಷಿಯಾಯಿತೆಂದರೆ ಅವಳ ಪಾಲಿಗೆ ಚೀಸಿನ ದೊಡ್ಡ ತುಂಡನ್ನೇ ಬಿಟ್ಟುಕೊಟ್ಟ.

ವರ್ಷಕ್ಕೊಮ್ಮೆ ಧರ್ಮನಿಧಿಯವರು ತಪಾಸಣೆಗೆ ಬರುತ್ತಿದ್ದರು. ಶಿಷ್ಯರಿಗೆ ಹೊಟ್ಟೆಗೆ ಸಿಗುತ್ತದೋ ಇಲ್ಲವೋ, ಯಜಮಾನರು ಹೊಡೆಯುತ್ತಾರೋ ಎಂದು ನೋಡುವುದು ಅವರ ಕೆಲಸ. ಇಬ್ಬರು ಬಂದು ಜೆತ್ರೊನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ನಾಲಿಗೆ ಚಾಚಲು ಹೇಳಿ, ಅಂಗಿ ಎತ್ತಿಸಿ ಬೆನ್ನು ನೋಡಿದರು.

"ಯಜಮಾನಿ ಹೊಡೀತಾಳಾ ಮಗೂ?" ಎಂದು ಒಬ್ಬ ಕೇಳಿದ. ಜೆತ್ರೊನಿಗಿಂತ ಹತ್ತು ವರ್ಷ ಚಿಕ್ಕವನು.

"ಇಲ್ಲ."

"ಹೆದರ್ಕೋಬೇಡ. ನಿಜ ಹೇಳು."

"ಬೈತಾಳೆ," ಎಂದ ಜೆತ್ರೊ, ನೆಲ ನೋಡುತ್ತಾ.

"ಮಲಗೋದು ಎಲ್ಲಿ?"

ಮನೆಯಲ್ಲಿದ್ದದ್ದು ಒಂದೇ ಮಂಚ. ಅದು ಜೆತ್ರೊನದು. ಕೆಜಾಯ ಅಟ್ಟದ ಮೇಲೆ ಮರದ ಹೊಟ್ಟಿನ ಚೀಲದಲ್ಲಿ ಮಲಗುತ್ತಿದ್ದಳು. ಶಿಷ್ಯ ಮಂಚದ ಮೇಲೆ, ಯಜಮಾನಿ ಅಟ್ಟದ ಮೇಲೆ ಎಂದರೆ ಶಿಷ್ಯನಿಗೆ ತಲೆ ತಿರುಗೀತು ಎಂದು ಅವರು ತೀರ್ಮಾನಿಸಿ, ಇದನ್ನು ಕೂಡಲೇ ಸರಿಪಡಿಸಬೇಕೆಂದು ಬರೆದುಕೊಂಡು ಹೋದರು. ಅವರು ಆಚೆ ಹೋದಮೇಲೆ ಜೆತ್ರೊ ತನ್ನ ದಿಂಬು ಎತ್ತಿಕೊಂಡು ಏಣಿ ಹತ್ತಿದ. ಅವನ ಮಂಡಿ ಒಂದೊಂದು ಮೆಟ್ಟಿಲಿಗೂ ಲಟ್ ಅನ್ನುವುದು ಕೆಜಾಯಳಿಗೆ ಕೇಳಿಸಿತು. ಹತ್ತು ಮೆಟ್ಟಿಲು, ಹತ್ತು ಲಟ್. ಮೆತ್ತನೆಯ ಹಾಸಿಗೆಯಲ್ಲಿ ಅವಳಿಗೆ ಒಂದು ವಾರ ಸರಿಯಾಗಿ ನಿದ್ದೆ ಬರಲಿಲ್ಲ. ಎಂಟನೆಯ ದಿನ ಹಳೆಯ ಪೀಪಾಯಿಯ ಹಲಗೆ ಜೋಡಿಸಿ ಕೆಳಗೆ ಇನ್ನೊಂದು ಮಂಚ ಮಾಡಿದಳು. ಹಲಗೆಗಳು ಬಗ್ಗಿದ್ದವು, ಹಾಗಾಗಿ ಮಂಚ ತೊಟ್ಟಿಲಿನಂತೆ ತೂಗುತ್ತಿತ್ತು. ಜೆತ್ರೊ ಮಲಗಿ ನೋಡಿ, "ಹಲಗೆ ಜೋಡಿಸಿರೋದು ಬಿಗಿಯಾಗಿದೆ," ಎಂದ. ಅವನ ಬಾಯಿಂದ ಬಂದ ಮೊದಲ ಹೊಗಳಿಕೆ ಅದು.

ನಿಜವಾದ ತೊಂದರೆ ಬಂದದ್ದು ಡಾರ್ಕಸ್ ವಿಟ್‌ಕೂಂಬಳಿಂದ. ಆಕೆ ಹತ್ತು ಮೈಲಿ ಆಚೆಯ ಊರಿನ ವಿಧವೆ, ಸ್ವಂತ ಸೇಬಿನ ತೋಟ ಇದ್ದವಳು. ಜೆತ್ರೊನ ಮದುವೆಯ ಮಾತುಕತೆ ಅವಳ ಜೊತೆ ಮೂರು ವರ್ಷದಿಂದ ನಡೆದಿತ್ತು. ಶಿಷ್ಯನಾದವನು ಮದುವೆಯಾಗತಕ್ಕದ್ದಲ್ಲ ಎಂದು ಕರಾರಿನಲ್ಲಿ ಇತ್ತಲ್ಲ, ಪಾದ್ರಿಗಳು ಮದುವೆ ಮಾಡಿಸಲು ಒಪ್ಪಲಿಲ್ಲ. ಎರಡನೆಯ ವರ್ಷದ ಬೇಸಿಗೆಯಲ್ಲಿ ಜೆತ್ರೊ ಒಂದು ಗಂಟು ಕಟ್ಟಿಕೊಂಡು ಓಡಿಹೋದ.

ಕೆಜಾಯ ಸುಮ್ಮನಿದ್ದಳು. ಹೋದರೆ ಹೋಗಲಿ, ಎರಡು ದಿನ ಬಿಟ್ಟು ಬರುತ್ತಾನೆ ಎಂದುಕೊಂಡಳು. ಆದರೆ ಟಿಡ್‌ಬಾಲ್ ಸುಮ್ಮನಿರಲಿಲ್ಲ. ಶಿಷ್ಯ ಓಡಿಹೋದರೆ ಪತ್ರಿಕೆಗೆ ಕೊಡುವ ಪ್ರಕಟಣೆ ಅವನ ಹತ್ತಿರ ಸಿದ್ಧವಿತ್ತು, ಗುರುತಿನ ಚಹರೆ ತುಂಬಿಸಿದರೆ ಮುಗಿಯಿತು. ಆ ಶನಿವಾರ ಜಿಲ್ಲೆಯೆಲ್ಲ ಓದಿತು: ಆಟಲ್‌ಬರಿಯ ಕೆಜಾಯ ಹೆಂಬ್ರೋ ಎಂಬ ಯಜಮಾನಿಯ ಬಳಿಯಿಂದ ಜೆತ್ರೊ ಎಂಬ ಶಿಷ್ಯ ಹೇಳದೆ ಕೇಳದೆ ಪರಾರಿಯಾಗಿದ್ದಾನೆ, ತಲೆ ಬೋಳು, ಹೊಟ್ಟೆ ದೊಡ್ಡದು, ಎಡ ಮಂಡಿ ಸದ್ದು ಮಾಡುತ್ತದೆ, ವಯಸ್ಸಿಗೆ ಮೀರಿ ಬೆಳೆದಂತೆ ಕಾಣುತ್ತಾನೆ, ಆಶ್ರಯ ಕೊಟ್ಟವರಿಗೆ ಶಿಕ್ಷೆಯಾಗುತ್ತದೆ.

ಮಂಗಳವಾರ ಊರ ಕಾವಲಿನವನು ಅವನನ್ನು ಹಗ್ಗ ಕಟ್ಟಿ ಸಂತೆಯ ನಡುವೆಯೇ ಕರೆತಂದ. ಡಾರ್ಕಸ್ ಹಿಂದೆಯೇ ಬಂದಳು, ಕತ್ತೆಯ ಮೇಲೆ ಕೂತು, ಕೈಯಲ್ಲಿ ಪತ್ರಿಕೆ ಹಿಡಿದುಕೊಂಡು.

"ಯಾರು ಕೆಜಾಯ ಅನ್ನೋಳು?" ಎಂದು ಅಂಗಡಿಯ ಬಾಗಿಲಲ್ಲಿ ಗುಡುಗಿದಳು. ಕೊಡತಿ ಹಿಡಿದ ಮೊಳದುದ್ದದ ಹುಡುಗಿ ಎದುರು ಬಂದು ನಿಂತಾಗ ಅವಳ ದನಿ ಇಳಿಯಿತು. "ನೀನಾ? ದೇವರೇ. ಎಷ್ಟು ವಯಸ್ಸಮ್ಮಾ ನಿನಗೆ?"

"ಹದಿನೈದು ನಡೀತಿದೆ."

ಡಾರ್ಕಸ್ ಕತ್ತೆಯಿಂದ ಇಳಿದು, ಸ್ಕರ್ಟು ಕೊಡವಿ, ಜೆತ್ರೊನ ಕಡೆ ಕೈ ತೋರಿಸಿ ಕೇಳಿದಳು: "ನಿಮ್ಮ ಹುಡುಗನ್ನ ನನಗೆ ಕೊಡ್ತೀರಾ? ಚೆನ್ನಾಗಿ ನೋಡ್ಕೊತೀನಿ."

ಸಂತೆಯೇ ಬಂದು ನೆರೆದಿತ್ತು. ಜೆತ್ರೊನ ಬೋಳುತಲೆ ಕೆಂಪಾಗಿತ್ತು. ಕೆಜಾಯ ಮೊದಲು ನಗು ತಡೆದಳು. ಆಮೇಲೆ ಹಗ್ಗದ ಗುರುತು ಬಿದ್ದ ಅವನ ಮಣಿಕಟ್ಟು ಕಂಡಿತು. ನಗು ಹೊರಟುಹೋಯಿತು.

"ನಾನು ಕೊಟ್ಟೆ," ಎಂದಳು. "ಇವತ್ತೇ ಕರ್ಕೊಂಡ್ ಹೋಗಿ."

"ಕೊಡೋ ಹಾಗಿಲ್ಲ!" ಎಂದು ಗುಂಪಿನ ಹಿಂದಿನಿಂದ ಟಿಡ್‌ಬಾಲ್ ಕೂಗಿದ. "ಮದುವೆಯಾಗತಕ್ಕದ್ದಲ್ಲ ಅಂತಷ್ಟೇ ಇದೆ. ಯಜಮಾನಿ ಒಪ್ಪಿದರೆ ಆಗಬಹುದು ಅಂತ ಇಲ್ಲ."

"ಹಾಗಾದ್ರೆ ಭಾನುವಾರ ಬಂದು ನೋಡ್ಕೊಂಡು ಹೋಗ್ಬಹುದಾ?" ಎಂದಳು ಡಾರ್ಕಸ್.

ಟಿಡ್‌ಬಾಲ್ ಕಾಗದ ನೋಡಿದ. ಬರಬಹುದಿತ್ತು. ಆದರೆ ಶಿಷ್ಯನ ನಡತೆಗೆ ಯಜಮಾನಿಯೇ ಜವಾಬ್ದಾರಿ, ಆಕೆ ಎದುರಿಗಿರಬೇಕು.

ಐದು ವರ್ಷ ಪ್ರತಿ ಭಾನುವಾರ ಡಾರ್ಕಸ್ ಕತ್ತೆಯ ಮೇಲೆ ಬಂದಳು. ಬೆಂಚಿನ ಆ ತುದಿಗೆ ಅವಳು, ಈ ತುದಿಗೆ ಜೆತ್ರೊ, ನಡುವೆ ಕೆಜಾಯ, ಕಾಲುಚೀಲ ಹೆಣೆಯುತ್ತಾ. ಮೊದಲ ವರ್ಷ ಅವರಿಬ್ಬರೂ ಅವಳ ತಲೆಯ ಮೇಲಿನಿಂದ ಮಾತಾಡುತ್ತಿದ್ದರು. ಆಮೇಲೆ ಕೆಜಾಯ ಎತ್ತರವಾದಳು, ಅವಳ ಬೆನ್ನ ಹಿಂದಿನಿಂದ ಮಾತಾಡಬೇಕಾಯಿತು. ಮೂರನೆಯ ವರ್ಷದ ಹೊತ್ತಿಗೆ ಅವಳ ಜೊತೆಗೇ ಮಾತಾಡತೊಡಗಿದರು. ಡಾರ್ಕಸ್ ಅವಳಿಗೆ ಅಕ್ಷರ ಕಲಿಸಿದಳು, ಸೇಬಿನ ಜಾತಿ ಕಲಿಸಿದಳು. ಯಾವ ಹೆಂಡಕ್ಕೆ ಎಷ್ಟು ದಪ್ಪ ಹಲಗೆ ಬೇಕು ಅನ್ನುವುದನ್ನು ಜೆತ್ರೊನಿಗಿಂತ ಚೆನ್ನಾಗಿ ಹೇಳಿಕೊಟ್ಟಳು. ಒಂದು ಭಾನುವಾರ ಚಳಿಜ್ವರದಿಂದ ಕೆಜಾಯ ಏಳಲಾಗಲಿಲ್ಲ. ಅವರಿಬ್ಬರೂ ಬೆಂಚನ್ನೇ ಎತ್ತಿ ತಂದು ಅವಳ ಮಂಚದ ಪಕ್ಕ ಹಾಕಿ, ಅದರ ಎರಡು ತುದಿಗೆ ಕೂತರು. ಕಾನೂನು ತಪ್ಪಬಾರದಲ್ಲ. ಡಾರ್ಕಸ್ ಹಣೆಗೆ ಒದ್ದೆ ಬಟ್ಟೆ ಹಾಕಿದಳು, ಜೆತ್ರೊ ಸೂಪು ಕುಡಿಸಿದ, ಉಪ್ಪು ಹೆಚ್ಚಾಗಿದೆ ಎಂದು ತಾನೇ ಗೊಣಗಿಕೊಂಡ. ತನಗೆ ಜ್ವರ ಬಂದಾಗ ಯಾರಾದರೂ ಪಕ್ಕದಲ್ಲಿ ಕೂತದ್ದು ಅವಳಿಗೆ ನೆನಪಿರಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿ, ಸೂಪು ಬಿಸಿ ಎಂದು ಹೇಳಿ ಕಣ್ಣು ಒರೆಸಿಕೊಂಡಳು.

ಏಳು ವರ್ಷ ಮುಗಿಯಿತು. ಪೀಪಾಯಿಯವರಲ್ಲಿ ಒಂದು ಪದ್ಧತಿಯಿದೆ. ಕರಾರು ಮುಗಿಸಿದ ಶಿಷ್ಯನನ್ನು ಹೊಸ ಪೀಪಾಯಿಯೊಳಗೆ ಇಳಿಸಿ, ಮೇಲೆ ಮಸಿ, ಮರದ ಹೊಟ್ಟು, ಹಳೆಯ ಹೆಂಡ ಸುರಿದು, ಬೀದಿಯಲ್ಲಿ ಉರುಳಿಸಬೇಕು. ಆಮೇಲೆಯೇ ಅವನು ಕಸುಬುದಾರ.

"ನನ್ನನ್ನ ಇಪ್ಪತ್ತೊಂದಕ್ಕೇ ಉರುಳಿಸಿದ್ದಾರೆ!" ಎಂದು ಜೆತ್ರೊ ಗೋಗರೆದ. "ಮೂರು ಹಲ್ಲು ಹೋಗಿತ್ತು. ಊರಲ್ಲಿ ಯಾರನ್ನಾದ್ರೂ ಕೇಳಿ."

"ಹಾಗೆ ಉರುಳಿಸಿದ್ದಕ್ಕೆ ದಾಖಲೆ ಇಲ್ಲ," ಎಂದ ಟಿಡ್‌ಬಾಲ್.

ಅರವತ್ತೊಂದು ವರ್ಷದ ಜೆತ್ರೊ ಹಿಡಿಸುವ ಪೀಪಾಯಿ ಆಟಲ್‌ಬರಿಯಲ್ಲಿ ಇರಲಿಲ್ಲ. ಕೆಜಾಯ ಹೊಸದನ್ನು ಮಾಡಲು ಕೂತಳು. ಒಂದೊಂದು ಹಲಗೆಯನ್ನೂ ತಾನೇ ಆರಿಸಿದಳು, ತಾನೇ ಹೆರೆದಳು. ಒಳಗಡೆ ಉಜ್ಜುಗೊರಡು ಹಿಡಿದು ಎರಡು ದಿನ ನುಣುಪು ಮಾಡಿದಳು, ಮುದುಕನ ಮೈಗೆ ಸಿಬಿರು ಚುಚ್ಚಬಾರದು ಎಂದು. ಜೆತ್ರೊ ಕೈಕಟ್ಟಿಕೊಂಡು ನೋಡಿದ. ಒಮ್ಮೆಯೂ ಬಾಯಿ ಹಾಕಲಿಲ್ಲ. ಕಬ್ಬಿಣದ ಪಟ್ಟಿ ಹೊಡೆದು ಮುಗಿಸಿದ ಮೇಲೆ ಅದರ ಹೊಟ್ಟೆಯ ಮೇಲೆ ಅಂಗೈಯಿಂದ ತಟ್ಟಿ, ಕಿವಿಯಿಟ್ಟು, ಮತ್ತೆ ತಟ್ಟಿ, ಆಚೆ ಹೋಗಿ ಮೂಗು ಒರೆಸಿಕೊಂಡು ಬಂದ.

ಉರುಳಿಸುವ ದಿನ ಚರ್ಚ್ ಬೀದಿಯ ಮೇಲ್ತುದಿಯಿಂದ ಶುರು ಮಾಡಿದರು. ಆ ಬೀದಿ ಇಳಿಜಾರು ಎಂಬುದು ಎಲ್ಲರಿಗೂ ಗೊತ್ತಿತ್ತು. ಜೆತ್ರೊನ ತೂಕವೂ ಎಲ್ಲರಿಗೂ ಗೊತ್ತಿತ್ತು. ಈ ಎರಡನ್ನೂ ಕೂಡಿಸಿ ಯೋಚಿಸಿದವರು ಯಾರೂ ಇರಲಿಲ್ಲ. ಆರು ಜನ ಮೆಲ್ಲಗೆ ತಳ್ಳಿದರು. ಎರಡನೇ ಸುತ್ತಿಗೆ ಪೀಪಾಯಿ ಅವರ ಕೈತಪ್ಪಿತು. ಕೈಗವಸಿನವಳ ಅಂಗಡಿ ದಾಟಿತು, ಮೀನಿನ ಗಾಡಿ ದಾಟಿತು, ಸೇತುವೆಯ ಪಕ್ಕದ ಬೇಲಿ ಮುರಿದುಕೊಂಡು ಹೊಳೆಗೆ ಬಿತ್ತು.

ಕೆಜಾಯ ಓಡಿದಳು. ಅಷ್ಟು ಜೋರಾಗಿ ಜನ್ಮದಲ್ಲಿ ಓಡಿರಲಿಲ್ಲ. "ಯಜಮಾನ್ರೇ! ಯಜಮಾನ್ರೇ!" ಎಂದು ಕಿರುಚುತ್ತಾ ಸೇತುವೆಯ ಮೇಲೆ ಬಂದು ಬಗ್ಗಿ ನೋಡಿದಳು. ಜೆತ್ರೊನ ಭಾರವೆಲ್ಲ ಸೊಂಟದ ಕೆಳಗೇ ಇದ್ದದ್ದರಿಂದ ಪೀಪಾಯಿ ನೀರಿನಲ್ಲಿ ನೆಟ್ಟಗೆ ನಿಂತಿತ್ತು. ಮಸಿ ಮೆತ್ತಿದ ಬೋಳುತಲೆ ಮತ್ತು ಎರಡು ಭುಜ ಹೊರಗಿದ್ದವು. ಬಾತುಕೋಳಿಗಳ ಹಿಂಡಿನ ನಡುವೆ ಅವನು ನಿಧಾನವಾಗಿ ತಿರುಗುತ್ತಾ ಸೇತುವೆಯ ಕೆಳಗೆ ಹಾದುಹೋದ.

"ನೀರು ಬಂತಾ?" ಎಂದು ಕೂಗಿದಳು.

ಅವನು ಬಗ್ಗಿ ಒಳಗೆ ಕೈಯಾಡಿಸಿ ನೋಡಿದ.

"ಒಂದು ಹನೀನೂ ಇಲ್ಲ ಕಣೇ!" ಎಂದು ಅವನು ಕೂಗಿದ್ದು ಎರಡೂ ದಡಕ್ಕೆ ಕೇಳಿಸಿತು. "ನೋಡಿ ಎಲ್ಲರೂ! ಒಂದು ಹನಿ! ಇಂಥ ಪೀಪಾಯಿ ನಾನೂ ಮಾಡಿಲ್ಲ!"

ಅರ್ಧ ಮೈಲಿ ಕೆಳಗೆ ಗಿರಣಿಯವನು ಕೊಕ್ಕೆ ಹಾಕಿ ದಡಕ್ಕೆಳೆದ. ಅಲ್ಲಿಯವರೆಗೂ ಅವನು ಅದನ್ನೇ ಕೂಗುತ್ತಿದ್ದ.

ಸುದ್ದಿ ಹಬ್ಬಿತು. ಪಕ್ಕದ ಊರಿನ ಪೀಪಾಯಿಯವನೊಬ್ಬ ಹೊಟ್ಟೆಕಿಚ್ಚಿಗೆ ದೂರು ಕೊಟ್ಟ: ಏಳು ವರ್ಷ ಶಿಷ್ಯತನ ಮಾಡದವರು ಕಸುಬು ಮಾಡಬಾರದು ಎಂದು ಕಾನೂನಿದೆ, ಈ ಹುಡುಗಿ ಒಂದು ದಿನವೂ ಯಾರ ಶಿಷ್ಯೆಯೂ ಆಗಿಲ್ಲ. ಮಾತು ನಿಜವಾಗಿತ್ತು. ಜೆತ್ರೊ ಒಳ್ಳೆಯ ಮನಸ್ಸಿನಿಂದಲೇ, "ನಾನೀಗ ಕಸುಬುದಾರ ಆದೆನಲ್ಲ. ನೀನು ನನ್ನ ಹತ್ತಿರ ಶಿಷ್ಯೆಯಾಗಿ ಸೇರು. ಬರೀ ಏಳು ವರ್ಷ," ಎಂದ. ಅವಳು ಕೊಡತಿಯ ಕಡೆ ನೋಡಿದಳು. ಅವನು ಆ ಮಾತು ಅಲ್ಲಿಗೇ ಬಿಟ್ಟ.

ಸರ್ ಎವರಾರ್ಡರಿಗೆ ಆಗ ಕಿವಿ ಮಂದವಾಗಿತ್ತು. ದೂರನ್ನು ಮೂರು ಸಲ ಓದಿಸಿ ಕೇಳಿದರು.

"ಈ ಹೆಂಗಸು ಕಸುಬುದಾರಳು ಅಂತ ನಾನು ಸಹಿ ಹಾಕಿದ್ದು ಯಾವಾಗ?"

"ಏಳು ವರ್ಷದ ಹಿಂದೆ ದೊರೆ," ಎಂದ ಟಿಡ್‌ಬಾಲ್.

"ಆಗ ಇವಳು ಕಸುಬುದಾರಳು ಆಗಿದ್ಲು ಅಂದಮೇಲೆ, ಅದಕ್ಕೂ ಏಳು ವರ್ಷ ಮುಂಚೆ ಶಿಷ್ಯತನಕ್ಕೆ ಸೇರಿರ್ಲೇಬೇಕು."

"ಆಗ ಆರು ವರ್ಷದ ಮಗು ದೊರೆ."

"ಚುರುಕು ಮಗು," ಎಂದರು ಸರ್ ಎವರಾರ್ಡ್, ದೂರನ್ನು ವಜಾ ಮಾಡುತ್ತಾ.

ಪದ್ಧತಿಯಂತೆ ಮೂರು ಭಾನುವಾರ ಚರ್ಚಿನಲ್ಲಿ ವಧೂವರರ ಹೆಸರು ಕೂಗಿಸಿ, ನಾಲ್ಕನೆಯ ವಾರ ಜೆತ್ರೊ ಡಾರ್ಕಸ್‌ಳನ್ನು ಮದುವೆಯಾದ. ಮದುವೆಯ ಊಟಕ್ಕೆ ಹಂದಿಯ ತೊಡೆ, ಸೇಬಿನ ಕಡುಬು. ಗಂಡ ಹೆಂಡತಿ ಬೆಂಚಿನ ಎರಡು ತುದಿಗೆ ಕೂತು, ನಡುವೆ ಜಾಗ ಬಿಟ್ಟುಕೊಂಡು, ಕೆಜಾಯ ಬಂದು ಕೂರಲಿ ಎಂದು ಕಾದರು. "ಇನ್ನು ಬೇಡ," ಎಂದು ಅವಳು ಎಷ್ಟು ಹೇಳಿದರೂ, ನಡುವೆ ಯಾರೂ ಇಲ್ಲದೆ ಅವರಿಗೆ ಮಾತೇ ಹೊರಡಲಿಲ್ಲ. ಕೊನೆಗೆ ಕತ್ತೆಯನ್ನು ಕರೆತಂದು, ಇಬ್ಬರ ನಡುವೆ ತಲೆ ಚಾಚುವ ಹಾಗೆ ಬೆಂಚಿನ ಹಿಂದೆ ನಿಲ್ಲಿಸಿದರು. ಮಾತು ಸರಾಗವಾಯಿತು.

ಅಂಗಡಿ ಕೆಜಾಯಳ ಕೈಗೆ ಬಂತು. ಜೆತ್ರೊ ತೋಟದಿಂದ ವಾರಕ್ಕೆ ಎರಡು ದಿನ ಕೆಲಸಕ್ಕೆ ಬರುತ್ತಿದ್ದ. ಗಿರಾಕಿ ಬಂದು "ಯಜಮಾನ್ರು ಇದ್ದಾರಾ?" ಎಂದರೆ ಇಬ್ಬರೂ ಒಟ್ಟಿಗೆ "ಏನು?" ಅನ್ನುತ್ತಿದ್ದರು. ಅವನು ಎಪ್ಪತ್ತಮೂರಕ್ಕೆ ತೀರಿಕೊಂಡ, ಡಾರ್ಕಸ್ ಅದಾಗಿ ಎರಡು ವರ್ಷಕ್ಕೆ. ಇಬ್ಬರಿಗೂ ಮಣ್ಣು ಹಾಕಿದವಳು ಕೆಜಾಯಳೇ. ಅವಳು ಮದುವೆಯಾಗಲಿಲ್ಲ. ಗಿರಣಿಯವನ ಮಗ ಒಂದೆರಡು ವರ್ಷ ಸುತ್ತಿದ. ಅವಳಿಗೂ ಇಷ್ಟವಿತ್ತು ಎಂದು ಊರವರು ಹೇಳುತ್ತಾರೆ, ಆದರೆ ಪ್ರತಿ ಸುಗ್ಗಿಗೂ ಕೆಲಸ ಮುಗಿಯಲಿ ಎನ್ನುತ್ತಿದ್ದಳು, ಕೆಲಸ ಮುಗಿಯುತ್ತಿರಲಿಲ್ಲ. ಹನ್ನೊಂದು ಮಕ್ಕಳಿಗೆ ಕಸುಬು ಕಲಿಸಿದಳು, ಅದರಲ್ಲಿ ಏಳು ಹುಡುಗಿಯರು.

ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಸೇಬು ಅರೆಯುವ ಅಕ್ಟೋಬರಿನಲ್ಲಿ ಅವಳು ಹೋದಳು. ಆ ವರ್ಷ ಫಸಲು ಕೊಂಬೆ ಮುರಿಯುವಷ್ಟು. ಹೆಣ ಹೊರಬೇಕಾದ ಅವಳ ಶಿಷ್ಯೆಯರೆಲ್ಲ ಗಾಣದ ಹತ್ತಿರ ಪೀಪಾಯಿ ತುಂಬಿಸುತ್ತಿದ್ದರು, ರಸ ಸುರಿಯುತ್ತಿತ್ತು, ಬಿಟ್ಟು ಬರುವಂತಿರಲಿಲ್ಲ. ಶವಸಂಸ್ಕಾರ ಎರಡು ದಿನ ಮುಂದಕ್ಕೆ ಹೋಯಿತು. ಮೂರನೆಯ ದಿನ ಬೆಳಗ್ಗೆ ಅವರೆಲ್ಲ ಬಂದರು. ಕೈಯೆಲ್ಲ ಅಂಟು, ಬಟ್ಟೆಯೆಲ್ಲ ಸೇಬಿನ ವಾಸನೆ. ತೊಳೆದುಕೊಂಡು ಬರಲಿಲ್ಲವೆಂದು ಪಾದ್ರಿಗಳು ಬೈದರು. ಶಿಷ್ಯೆಯರು ಪೆಟ್ಟಿಗೆಗೆ ಭುಜ ಕೊಟ್ಟು ಎತ್ತಿದರು.